ನೂಲಿನ ಅಳತೆ

ಮರುಳಯ್ಯನೆಂಬ ಶಿಷ್ಯ ಗುರುಗಳನ್ನು ಕೇಳಿದ: "ನನ್ನ ಗೆಳೆಯನೊಬ್ಬನಿಗೆ ಮನಸ್ಸು ಸರಿಯಿಲ್ಲ ಗುರುಗಳೇ. ಬದುಕುವುದೇ ಬೇಡ ಅನ್ನಿಸುತ್ತದಂತೆ. ಪಟ್ಟಣದಲ್ಲಿ ಇಬ್ಬರು ಮನೋವೈದ್ಯರನ್ನು, ಒಬ್ಬ ಆಪ್ತಸಮಾಲೋಚಕಿಯನ್ನು ಕಂಡ. ಯಾರಿಂದಲೂ ಗುಣವಾಗಲಿಲ್ಲ. ತನಗೆ ತಕ್ಕವರನ್ನು ಅವನು ಆರಿಸಿಕೊಳ್ಳುವುದು ಹೇಗೆ?"

ಮೂವರಿಗೂ ಅವನು ಏನು ಹೇಳಿದನೆಂದು ಗುರುಗಳು ವಿಚಾರಿಸಿದರು. ನಿದ್ದೆ ಬರುವುದಿಲ್ಲ ಎಂದಷ್ಟೇ ಹೇಳಿದನಂತೆ. ಉಳಿದದ್ದಕ್ಕೆ ನಾಚಿಕೆ ಅಡ್ಡ ಬಂತಂತೆ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಓಲೆಕಾರನಿದ್ದ. ಊರಿಂದೂರಿಗೆ ಓಲೆ ಒಯ್ಯುವುದು ಅವನ ಕಸುಬು. ನಡೆದರೆ ಅನ್ನ, ಕುಳಿತರೆ ಉಪವಾಸ. ಅವನ ಬಲಗಾಲಿಗೆ ಆರು ಬೆರಳು. ಚಿಕ್ಕಂದಿನಲ್ಲಿ ಓರಗೆಯವರು ನಕ್ಕಿದ್ದರು. ಅಂದಿನಿಂದ ಆ ಪಾದಕ್ಕೆ ಬಟ್ಟೆ ಸುತ್ತಿಕೊಂಡೇ ಇರುತ್ತಿದ್ದ. ಕೈಹಿಡಿದ ಹೆಂಡತಿಗೂ ತೋರಿಸಿರಲಿಲ್ಲ.

ಚಪ್ಪಲಿ ಬೇಕಾದಾಗ ಪಾದದುದ್ದ ನೂಲು ಕತ್ತರಿಸಿ ಹೆಂಡತಿಯ ಕೈಯಲ್ಲಿ ಕಳಿಸುತ್ತಿದ್ದ. ನೂಲು ಉದ್ದ ಹೇಳುತ್ತದೆ, ಬೆರಳು ಎಣಿಸುವುದಿಲ್ಲ. ಚಪ್ಪಲಿ ಬರುತ್ತಿತ್ತು, ಕಚ್ಚುತ್ತಿತ್ತು. ಹೊಲಿಯುವವರನ್ನು ಮೂರು ಸಲ ಬದಲಿಸಿದ. ಈ ನಾಡಿನಲ್ಲಿ ಕಸುಬು ಬಲ್ಲವರೇ ಇಲ್ಲವೆಂದು ಮೂವರನ್ನೂ ಬೈದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ. ಅಷ್ಟರಲ್ಲಿ ಗಾಯ ಕೀವಾಗಿ ಹೆಜ್ಜೆ ಇಡುವುದೇ ಕಷ್ಟವಾಯಿತು.

ನಾಲ್ಕನೆಯವಳು ಒಬ್ಬ ಮುದುಕಿ. ಅವಳು ನೂಲನ್ನು ಹಿಂದಿರುಗಿಸಿ, "ನೂಲು ನಡೆಯುವುದಿಲ್ಲ, ಕಾಲು ಕಳಿಸು" ಎಂದು ಹೇಳಿಕಳಿಸಿದಳು.

ಓಲೆಕಾರ ಕುಂಟುತ್ತ ಹೋದ. ಅವಳ ಮುಂದೆ ಕುಳಿತ. ಪಾದದ ಬಟ್ಟೆ ಬಿಚ್ಚಿದ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಮುದುಕಿ ನಗಲಿಲ್ಲ, ಅಯ್ಯೋ ಪಾಪ ಎನ್ನಲೂ ಇಲ್ಲ. ಎಲ್ಲಿ ನೋಯುತ್ತದೆ ಎಂದು ಕೇಳಿದಳು. ಗಾಯ ನೋಡಿ, ಇದು ನನ್ನ ಕೈಯಲ್ಲಾಗುವ ಕೆಲಸವಲ್ಲ, ಮೊದಲು ವೈದ್ಯರಿಗೆ ತೋರಿಸು, ಮಾಯ್ದ ಮೇಲೆ ಬಾ, ಆರು ಬೆರಳಿಗೂ ಜಾಗವಿಟ್ಟು ಹೊಲಿಯುತ್ತೇನೆ ಎಂದಳು. ಮೊದಲಿನ ಮೂವರನ್ನು ಬೈದದ್ದು ನೆನಪಾಗಿ ಓಲೆಕಾರನಿಗೆ ಇನ್ನೊಂದು ನಾಚಿಕೆಯಾಯಿತು. ಬೆರಳಿನ ನಾಚಿಕೆಗಿಂತ ಅದು ದೊಡ್ಡದಿತ್ತು.

ಕತೆ ಮುಗಿಯಿತು. ಮರುಳಯ್ಯ ನೆಲ ನೋಡುತ್ತ, ಅಂಥವರನ್ನೇ ಹುಡುಕಿಕೊಂಡು ಹೋಗುವಂತೆ ಗೆಳೆಯನಿಗೆ ತಿಳಿಸುತ್ತೇನೆ ಎಂದ.

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಇವತ್ತೇ ವೈದ್ಯರಲ್ಲಿಗೆ ಹೊರಡು ಮರುಳಯ್ಯ, ಆ ಗೆಳೆಯನನ್ನು ಇಲ್ಲೇ ಬಿಟ್ಟು ನೀನೇ ಹೋಗು."