ಅಧ್ಯಕ್ಷರ ಕೊಳ

ಗಾಲ್ಫ್ ಕ್ಲಬ್ಬಿನ ಅಧ್ಯಕ್ಷ ಸರ್ವೋತ್ತಮರಾಯರು ಹೊಡೆದ ಚೆಂಡು ಮೈದಾನದ ಕೊಳಕ್ಕೆ ಒಮ್ಮೆಯೂ ಬಿದ್ದಿಲ್ಲವಂತೆ. ಹಾಗೆಂದು ಅವರೇ ಹೇಳುತ್ತಿದ್ದರು. ಇಪ್ಪತ್ತು ವರ್ಷದಿಂದ ಅಲ್ಲಿನ ಹುಲ್ಲು ನೋಡಿಕೊಳ್ಳುತ್ತಿದ್ದ ಮಾಲಿ ಚಿಕ್ಕಮಾದ ಮಾತ್ರ ಏನೂ ಹೇಳುತ್ತಿರಲಿಲ್ಲ.

ಏಪ್ರಿಲ್ ಬಿಸಿಲಲ್ಲಿ ರಾಯರು ಗುಡುಗಿದರು. "ಭಾನುವಾರ ಪಂದ್ಯ. ಒಂದು ಎಸಳೂ ಹಳದಿ ಕಾಣಬಾರದು. ಕೊಳದ ನೀರೆಲ್ಲ ಎತ್ತಿ ಹುಲ್ಲಿಗೆ ಬಿಡು. ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ."

"ಚೆಂಡು ಬೀಳೋ ಕುಳಿ ಸುತ್ತ ಒಂದಿಷ್ಟು ನೀರು ಸಾಕು ಸಾರ್. ಉಳಿದ ಹುಲ್ಲು ಒಂದೇ ಮಳೆಗೆ ಚಿಗುರ್ತದೆ. ಕೊಳ ಬತ್ತಿದ್ರೆ ಮೀನು ಸಾಯ್ತವೆ."

"ಮೀನೇನು ಗಾಲ್ಫ್ ಆಡ್ತವಾ? ಎತ್ತಯ್ಯಾ!"

ಚಿಕ್ಕಮಾದ ಪಂಪಿನ ಕಡೆ ನಾಲ್ಕು ಹೆಜ್ಜೆ ಹೋದವನು ತಲೆ ಕೆರೆದುಕೊಂಡು ವಾಪಸ್ ಬಂದ.

"ಒಂದು ಮಾತು ಸಾರ್. ಶನಿವಾರಕ್ಕೆಲ್ಲ ತಳ ಕಾಣ್ತದೆ. ಅಲ್ಲಿ ಬಿದ್ದಿರೋ ಚೆಂಡು ಯಾರದು ಅಂತ ಬಂದೋರು ಕೇಳಿದ್ರೆ ಏನು ಹೇಳ್ಲಿ? ನಿಮ್ಮ ಚೆಂಡಿನ ಮೇಲೆ ನೀವು ಕೆಂಪು ಮಸಿಯಲ್ಲಿ ಹೆಸರು ಬರ್ಕೊಂಡಿರ್ತೀರಲ್ಲ..."

ರಾಯರು ಕೊಳವನ್ನು ನೋಡಿದರು. ಮಾಲಿಯನ್ನು ನೋಡಿದರು. ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು.

"ಎಷ್ಟಿರಬಹುದು?"

"ಒಂದು ಗಾಡಿ ತುಂಬಬಹುದು ಸಾರ್."

ಭಾನುವಾರ ಹಳದಿ ಹುಲ್ಲಿನ ಮೇಲೆ ನಿಂತು ರಾಯರು ನೀರಿನ ಮಿತಬಳಕೆಯ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿದರು. "ಒಂದು ಮೀನಿಗೂ ನಮ್ಮಿಂದ ತೊಂದರೆಯಾಗಕೂಡದು" ಎಂದಾಗ ಚಪ್ಪಾಳೆಯೋ ಚಪ್ಪಾಳೆ.

ಆಮೇಲೆ ಮೊದಲ ಚೆಂಡನ್ನು ಅವರೇ ಹೊಡೆದರು. ಕೊಳದ ಕಡೆಯಿಂದ 'ಬುಳುಂ' ಎಂದು ಸದ್ದು ಬಂತು. ಎಲ್ಲರೂ ಅತ್ತ ತಿರುಗಿದರು.

"ಮೀನು ಹಾರ್ತು ಸಾರ್" ಎಂದ ಚಿಕ್ಕಮಾದ.