ಸತ್ತವರ ದೃಢೀಕರಣ

ಲವೀನಾ ಹೊರದೇಶದಲ್ಲಿ, ಮಾತು ತೊಡರುವವರಿಗೆ ಮಾತು ಕಲಿಸುವ ವಾಕ್ ಚಿಕಿತ್ಸೆ ಕಲಿತು ಬಂದ ವರ್ಷವೇ ಅಲ್ಲಿನ ಯುದ್ಧದಲ್ಲಿ ಅವಳ ಕಾಲೇಜು ಬಾಂಬಿಗೆ ನೆಲಸಮವಾಯಿತು. ಕಲಿಸಿದವರು ಒಬ್ಬರೂ ಉಳಿಯಲಿಲ್ಲ. ಇಲ್ಲಿ ಪರವಾನಗಿ ಇಲ್ಲದೆ ಯಾವ ಆಸ್ಪತ್ರೆಯೂ ಕೆಲಸ ಕೊಡದು.

"ಅಲ್ಲಿ ಕಲಿತಿದ್ದಕ್ಕೆ ನಿಮ್ಮ ಪ್ರೊಫೆಸರ್ ಹತ್ತಿರ ದೃಢೀಕರಣ ಬರೆಸಿಕೊಂಡು ಬಾಮ್ಮ," ಎಂದರು ಪರವಾನಗಿ ಕಚೇರಿಯ ಅಧಿಕಾರಿ ಗುರುಮಲ್ಲಪ್ಪ.

"ಅವರೆಲ್ಲ ತೀರಿಹೋದರು ಸಾರ್."

"ಹಾಗಂತ ಅವರೇ ಬರೆದುಕೊಡಲಿ."

ಲವೀನಾ ಬಿಳಿ ಹಾಳೆ ಮುಂದಿಟ್ಟಳು. "ಈ ಮಾತನ್ನು ನೀವು ಬರೆದು ಸಹಿ, ಮೊಹರು ಹಾಕಿಕೊಡಿ ಸಾರ್. ಅವರ ಸಮಾಧಿ ಮೇಲಿಟ್ಟು ಉತ್ತರಕ್ಕೆ ಕಾಯ್ತೀನಿ."

ಗುರುಮಲ್ಲಪ್ಪ ಗತ್ತಿನಿಂದಲೇ ಬರೆದರು: 'ಮೃತ ಪ್ರಾಧ್ಯಾಪಕರು ಖುದ್ದಾಗಿ ದೃಢೀಕರಿಸತಕ್ಕದ್ದು.' ಬರೆದದ್ದನ್ನು ಓದಿಕೊಂಡರು. ಸಹಿ ಹಾಕಲು ಹೋದ ಕೈ ನಿಂತಿತು. ಹಾಳೆ ಹರಿದುಹಾಕಿ, ಅವಳ ಅರ್ಜಿ ಎಳೆದುಕೊಂಡು ಮಂಜೂರು ಮಾಡಿದರು.

"ಕಲಿಸಿದವರ ಹೆಸರು ಹೇಳಮ್ಮ, ನಾನೇ ತುಂಬ್ತೀನಿ."

ಲವೀನಾ ಬಾಯಿ ತೆರೆದಳು. ಸ್ವರ ಹೊರಡಲಿಲ್ಲ. ಗುರುಮಲ್ಲಪ್ಪ ಪೆನ್ನನ್ನು ಅವಳ ಕಡೆ ಸರಿಸಿದರು.