ಧೂಳೀಕ್ಷೇತ್ರದಲ್ಲಿ ಮಲ್ಲನಾಥಸ್ವಾಮಿಯು ಎದ್ದು ನಿಂತ ಬಗೆ

ಕಲಿಪುರುಷನಿಗೆ ಇನ್ನೂ ಹಾಲುಹಲ್ಲು ಬೀಳದಿದ್ದ ಕಾಲದಲ್ಲಿ, ಸೌಮ್ಯಾನದಿಯ ಉತ್ತರತೀರದಲ್ಲಿ ಚಂಪಕಗಿರಿಯೆಂದೂ ದಕ್ಷಿಣತೀರದಲ್ಲಿ ಕುಂಭಿಪುರವೆಂದೂ ಎರಡು ರಾಜಧಾನಿಗಳು ಒಂದನ್ನೊಂದು ದುರುಗುಟ್ಟಿ ನೋಡುತ್ತ ವಿರಾಜಿಸುತ್ತಿದ್ದವು. ಚಂಪಕಗಿರಿಯನ್ನು ಸಕಲಗುಣಸಂಪನ್ನನೂ ಅರಿಭಯಂಕರನೂ ಆದ ವಿಕ್ರಮಕೇಸರಿಯು, ಕುಂಭಿಪುರವನ್ನು ಅಷ್ಟೇ ಸಕಲಗುಣಸಂಪನ್ನನೂ ಅಷ್ಟೇ ಅರಿಭಯಂಕರನೂ ಆದ ರಣಧವಳನು ಆಳುತ್ತಿದ್ದರು. ಯುದ್ಧವೆಂದರೆ ಸ್ವಂತ ಮೈಗೂ ಪೆಟ್ಟು ಬೀಳಬಹುದೆಂಬ ಸೂಕ್ಷ್ಮವನ್ನು ಈ ಭೂಪಾಲರಿಬ್ಬರೂ ಚೆನ್ನಾಗಿ ಬಲ್ಲವರಾದ್ದರಿಂದ, ತಮ್ಮ ವೈರವನ್ನೆಲ್ಲ ಸಂಬಳದ ಜಟ್ಟಿಗಳ ಹೆಗಲಿಗೇರಿಸಿ, ಪ್ರತಿವರ್ಷ ವಿಜಯದಶಮಿಯಂದು ನದೀಮಧ್ಯದ ನಡುಗಡ್ಡೆಯಲ್ಲಿ ಮಲ್ಲಯುದ್ಧವನ್ನು ಏರ್ಪಡಿಸಿ, ತಾವು ಶ್ವೇತಚ್ಛತ್ರದ ನೆರಳಿನಲ್ಲಿ ಕುಳಿತು ಮೀಸೆ ತಿರುವುತ್ತಿದ್ದರು.

ಆ ಅಖಾಡದ ಮಣ್ಣು ಸಾಮಾನ್ಯವಾದುದಲ್ಲ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಳ್ಳೆಣ್ಣೆ, ಮಜ್ಜಿಗೆ, ಅರಿಸಿನ, ಕರ್ಪೂರಗಳನ್ನು ಬೆರೆಸಿ ಹದಗೊಳಿಸಿದ ಆ ಮೃತ್ತಿಕೆಯು ಒಮ್ಮೆ ಬೆವರಿದ ಬೆನ್ನಿಗೆ ಹತ್ತಿತೆಂದರೆ, ಹಬ್ಬಕ್ಕೆ ಬಂದು ಊರಿಗೆ ಹೊರಡದ ನೆಂಟನಂತೆ ಅಲ್ಲೇ ಬೀಡುಬಿಡುತ್ತಿತ್ತು. ಬೆನ್ನಿಗೆ ಮಣ್ಣಾದವನು ಸೋತವನು. ಇದು ಎಲ್ಲ ಗರಡಿಗಳ ನಿಯಮ. ಆದರೆ ಅರಸರಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಆ ಅಖಾಡದಲ್ಲಿ ಬಿದ್ದವನು ಯಾರೇ ಆಗಿರಲಿ, ಅವನ ಬೆನ್ನಿನ ಮಣ್ಣನ್ನು ಉಭಯರಾಜ್ಯಗಳ ಯಾವ ಪ್ರಜೆಯೂ ಒರೆಸಕೂಡದು, ನೀರೂ ಎರೆಯಕೂಡದು, ಅದು ತಾನಾಗಿ ಉದುರುವವರೆಗೆ ಬಿದ್ದವನು ಅದನ್ನು ಹೊತ್ತು ತಿರುಗಬೇಕು, ಒರೆಸಿದವನ ಬಲಗೈಯನ್ನು ಕತ್ತರಿಸಲಾಗುವುದು ಎಂದು ಇಬ್ಬರೂ ಸೇರಿ ಡಂಗುರ ಸಾರಿಸಿದ್ದರು. ಅವರಿಬ್ಬರೂ ಅಲ್ಲಿಯವರೆಗೆ ಒಪ್ಪಿಕೊಂಡಿದ್ದ ವಿಷಯ ಇದೊಂದೇ.

ಚಂಪಕಗಿರಿಯ ಆಸ್ಥಾನಮಲ್ಲನಾದ ಅಂಕಜೆಟ್ಟಿಯು ಈ ಕಥೆ ನಡೆದುದಕ್ಕೆ ಹಿಂದಿನ ವರ್ಷ ಕುಂಭಿಪುರದ ಸಿಂಗಜೆಟ್ಟಿಯ ಕೈಯಲ್ಲಿ ಬಿದ್ದಿದ್ದನು. ಬಿದ್ದ ನೋವು ಮೂರು ದಿನಕ್ಕೆ ಹೋಯಿತು, ಮಣ್ಣು ಹೋಗಲಿಲ್ಲ. ಗಜಶುಂಡದಂತಹ ಆ ಬಾಹುಗಳು ಹೆಗಲ ಮೇಲಿಂದ ಹೋದರೂ, ಪಕ್ಕೆಯ ಕೆಳಗಿಂದ ಬಂದರೂ, ಎರಡು ಹೆಗಲುಮೂಳೆಗಳ ನಡುವಿನ ಅಂಗೈಯಗಲದ ಜಾಗವನ್ನು ಮಾತ್ರ ಮುಟ್ಟಲಾರವು. ಮಲ್ಲಶಿರೋಮಣಿಯು ಬೋರಲಾಗಿ ಮಲಗಿದನು. ತುರಿಕೆ ತಾಳಲಾರದೆ ಅರಮನೆಯ ಕಂಬಕ್ಕೆ ಮೈಯುಜ್ಜಿ ದ್ವಾರಪಾಲಕರಿಂದ ಬೈಸಿಕೊಂಡನು. ಹೆಂಡತಿ ಹೊನ್ನಕ್ಕ ಎಣ್ಣೆಬಟ್ಟಲು ಹಿಡಿದು ಬಂದಳಾದರೂ ಅವಳ ಬಲಗೈಗೆ ಕುತ್ತು ಬಂದೀತೆಂದು ಇವನೇ ತಡೆದನು. ಎಲ್ಲಕ್ಕಿಂತ ಅವನನ್ನು ಕಾಡಿದ್ದು ಸಿಂಗಜೆಟ್ಟಿ ಗೆದ್ದು ಹೊರಡುವಾಗ ಕಿವಿಯಲ್ಲಿ ಉಸುರಿದ ಮಾತು: ಕಡಿತ ಬಂದರೆ ಬೇವಿನ ಮರಕ್ಕೆ ಉಜ್ಜಿಕೋ ಎಂದಿದ್ದನು. ಇದು ಶುದ್ಧ ಕುಹಕವೆಂದು ಅಂಕಜೆಟ್ಟಿ ಹಲ್ಲು ಕಡಿದನು. ಬೇವಿನ ಮರಕ್ಕೆ ಉಜ್ಜಿದಾಗ ನಿಜಕ್ಕೂ ಹಿತವಾದದ್ದು ಅವನ ಸಿಟ್ಟನ್ನು ಇಮ್ಮಡಿಸಿತು. ಅದೇ ಮಣ್ಣು ಅದೇ ಜಾಗದಲ್ಲಿ ಸಿಂಗನ ಬೆನ್ನ ಮೇಲೆ ಕಾಣುವವರೆಗೆ ತಾನು ತಣ್ಣಗಾಗುವವನಲ್ಲವೆಂದು ಪ್ರತಿಜ್ಞೆ ಮಾಡಿ, ಅಂದಿನಿಂದ ಹೊತ್ತುಮೂಡುವ ಮುಂಚೆ ಎದ್ದು ಸಾಮು ತೆಗೆಯತೊಡಗಿದನು.

ವಿಜಯದಶಮಿ ಬಂದಿತು. ಭೇರೀದುಂದುಭಿಗಳು ಮೊಳಗುತ್ತಿರಲು, ಮದಗಜಗಳಂತೆ ಹೆಣಗಿದ ಇಬ್ಬರಲ್ಲಿ ಕಡೆಗೆ ಸಿಂಗಜೆಟ್ಟಿಯ ಕಾಲು ಜಾರಿ, ಅವನು ಅಂಗಾತ ಬಿದ್ದನು. ಚಂಪಕಗಿರಿಯ ಪ್ರಜೆಗಳು ಕುಣಿದಾಡಿದರು. ವಿಕ್ರಮಕೇಸರಿಯು ಅಂಕಜೆಟ್ಟಿಗೆ ಜರಿಯಂಚಿನ ರೇಷ್ಮೆಶಾಲನ್ನು ಹೊದಿಸಿದನು. ಅಂಕಜೆಟ್ಟಿಯ ಕಣ್ಣು ಶಾಲಿನ ಮೇಲಿರಲಿಲ್ಲ. ವರ್ಷವಿಡೀ ಕನಸಿನಲ್ಲಿ ಕಂಡ ಬೆನ್ನನ್ನು ಕಣ್ತುಂಬ ನೋಡಲು ಅವನು ಗುಂಪಿನೊಳಗೆ ಕತ್ತು ಚಾಚಿ ಹುಡುಕುತ್ತಿದ್ದನು.

ಕಂಡದ್ದಾದರೂ ಏನು? ನಡುಗಡ್ಡೆಯ ಅಂಚಿನ ಬೇವಿನ ಮರಕ್ಕೆ ಸಿಂಗಜೆಟ್ಟಿ ಮೊದಲು ಕೈಮುಗಿದು, ಆಮೇಲೆ ಬೆನ್ನು ಕೊಟ್ಟು, ಎಮ್ಮೆ ಉಜ್ಜಿಕೊಂಡ ಹಾಗೆ ಮೇಲಕ್ಕೂ ಕೆಳಕ್ಕೂ ಉಜ್ಜಿಕೊಳ್ಳುತ್ತಿದ್ದನು. ಆ ಮರದ ತೊಗಟೆ ಒಂದು ಮಗ್ಗುಲಲ್ಲಿ ಆಗಲೇ ಸವೆದು ನುಣುಪಾಗಿತ್ತು. ಅಂಕನಿಗೆ ಅದನ್ನು ನೋಡಿದ್ದೇ ತಡ, ಎರಡು ವರ್ಷದ ಹಿಂದೆ ತಾನೇ ಇವನನ್ನು ಬೀಳಿಸಿದ್ದು ನೆನಪಾಯಿತು. ಆಗ ಈ ಮರವನ್ನು ಕಂಡುಕೊಂಡವನು ಮರುವರ್ಷ ಗೆದ್ದಾಗ ತನಗೆ ಹೇಳಿದ್ದು ಕುಹಕವಲ್ಲ, ಉಪಕಾರವೆಂಬುದು ಹೊಳೆಯಿತು. ವರ್ಷಕಾಲ ಕಾಪಾಡಿಕೊಂಡು ಬಂದ ದ್ವೇಷವು ಹೀಗೆ ಹೇಳದೆ ಕೇಳದೆ ಕೈಬಿಟ್ಟದ್ದಕ್ಕೆ ಅವನಿಗೆ ತುಸು ಬೇಸರವೂ ಆಯಿತು. ಅವನು ನೆಟ್ಟಗೆ ಮರದ ಬಳಿ ಹೋಗಿ, ರಾಜದತ್ತವಾದ ಶಾಲನ್ನು ಹೆಗಲಿಂದ ಎಳೆದು ಕೈಗೆ ಸುತ್ತಿಕೊಂಡನು.

“ಸುಮ್ನೆ ನಿಂತ್ಕೊ ಅಣ್ಣ,” ಎಂದನು. “ಅದು ನಮ್ ನಮ್ ಕೈಗೆ ಎಟುಕೋ ಜಾಗ ಅಲ್ಲ.”

ಎಂದವನೇ ಸಿಂಗನ ಬೆನ್ನಿನ ಮಣ್ಣನ್ನು ಒರೆಸಿದನು. ಭೇರಿಗಳು ನಿಂತವು. ರಣಧವಳನು ಸಿಂಹಾಸನದಿಂದೆದ್ದು ಶಾಸನಭಂಗವಾಯಿತೆಂದು ಗರ್ಜಿಸಿದನು. ಗೆದ್ದ ಜಟ್ಟಿಯ ಕೈ ಹೋದರೆ ಮುಂದಿನ ವರ್ಷ ತನ್ನ ಗತಿಯೇನೆಂದು ವಿಕ್ರಮಕೇಸರಿಯು ಒಳಗೊಳಗೇ ಅಳುಕಿದರೂ ಹೊರಗೆ ಅವನಿಗಿಂತ ಜೋರಾಗಿ ಗರ್ಜಿಸಿದನು. ಕೈ ಕಡಿಯುವವನು ಕತ್ತಿಯೊಡನೆ ಬಂದನು. ಆಗ ಸಿಂಗಜೆಟ್ಟಿಯು ಮುಂದೆ ಬಂದು, ಒರೆಸಿಕೊಂಡವನಿಗೂ ಪಾಲು ಬರಬೇಕಾದದ್ದೇ ನ್ಯಾಯ, ತನ್ನ ಕೈಯನ್ನೂ ತೆಗೆಯಿರಿ ಎಂದು ಅಂಕನ ಪಕ್ಕದಲ್ಲಿ ತೋಳು ಚಾಚಿ ಕುಳಿತನು. ಈ ಸ್ನೇಹವನ್ನು ಕಂಡು ಅರಸರಿಗೆ ನಗು ಬಂದಿತು. ಅಖಾಡದ ಮೂಲೆಯಲ್ಲಿ ಅನಾದಿಯಿಂದ ಹೂತು ಬಿದ್ದು, ಪಟ್ಟದಾನೆಗಳು ಎಳೆದರೂ ಅಲುಗದಿದ್ದ ಕರಿಬಂಡೆಯನ್ನು ತೋರಿಸಿ, ಇಷ್ಟು ಅನ್ಯೋನ್ಯವಾಗಿರುವವರು ಇದನ್ನು ಎತ್ತಿ ನಿಲ್ಲಿಸಿದರೆ ಕೈಗಳು ಉಳಿಯುವುವೆಂದು ಅಪ್ಪಣೆಮಾಡಿದರು.

ಬಲದಿಂದ ಆಗುವ ಕೆಲಸ ಅದಾಗಿರಲಿಲ್ಲ. ಆದರೆ ಅಂಕನ ಎಡಮೊಣಕಾಲು ಯಾವಾಗ ಸೋಲುವುದೆಂಬುದು ಅಂಕನಿಗಿಂತ ಸಿಂಗನಿಗೆ ಚೆನ್ನಾಗಿ ಗೊತ್ತು. ಸಿಂಗನ ಹಿಡಿತ ಯಾವ ಉಸಿರಿಗೆ ಸಡಿಲುವುದೆಂಬುದು ಅಂಕನಿಗೆ ಗೊತ್ತು. ಒಬ್ಬರನ್ನೊಬ್ಬರು ಕೆಡವಲು ವರ್ಷಗಟ್ಟಲೆ ಕಲಿತ ಈ ಗುಟ್ಟುಗಳಿಂದಲೇ ಆ ದಿನ ಒಬ್ಬರನ್ನೊಬ್ಬರು ಬೀಳದಂತೆ ಕಾಯ್ದರು. ಬಂಡೆಯು ನರಳುತ್ತ ಮೇಲೆದ್ದು ನೆಟ್ಟಗೆ ನಿಂತಿತು. ನೋಡಿದರೆ ಅದರ ಅಡಿಮಗ್ಗುಲು ಸಾಕ್ಷಾತ್ ಒಬ್ಬ ಮಹಾಮಲ್ಲನ ಬೆನ್ನು. ಅದರ ತುಂಬ ಯುಗಾಂತರದ ಕೆಮ್ಮಣ್ಣು! ಕೈ ಉಳಿದ ಸಂತೋಷವನ್ನೂ ಮರೆತು, ಗರಡಿಯ ಮಕ್ಕಳ ಮನಸ್ಸು ತಡೆಯದೆ, ಅಂಕನು ಶಾಲಿನ ಒಂದು ತುದಿಯಿಂದ, ಸಿಂಗನು ಇನ್ನೊಂದು ತುದಿಯಿಂದ ಆ ಬೆನ್ನನ್ನು ಒರೆಸತೊಡಗಿದರು. ಆಗ ಶಿಲಾಗರ್ಭದಿಂದ ಮೇಘಗಂಭೀರವಾದ ಅಶರೀರವಾಣಿಯೊಂದು ಹೊರಟಿತು:

“ಮಕ್ಕಳೇ, ಇನ್ನೂ ಸ್ವಲ್ಪ ಎಡಕ್ಕೆ. ಹಾಂ, ಅಲ್ಲೇ. ಶಿವಾಂಶಸಂಭೂತನಾದ ಮಲ್ಲನಾಥನು ನಾನು. ತ್ರೇತಾಯುಗದಲ್ಲಿ ಧೂಳಾಸುರನೊಡನೆ ಇಲ್ಲಿ ಸೆಣಸಿ ಬಿದ್ದೆನು. ಆ ದುಷ್ಟನನ್ನು ಆಮೇಲೆ ನನ್ನ ಒಡೆಯನು ಸಂಹರಿಸಿದನು. ದೇವತೆಗಳು ಪುಷ್ಪವೃಷ್ಟಿಗೈದು ಮನೆಗೆ ಹೋದರು. ಎದ್ದರೆ ಬೆನ್ನಿನ ಮಣ್ಣು ಕಂಡೀತೆಂಬ ನಾಚಿಕೆಯಿಂದ ನಾನು ಇಷ್ಟು ಕಾಲವೂ ಅಂಗಾತ ಮಲಗಿದ್ದೆನು. ಒಬ್ಬನು ಕೈ ಚಾಚಿದ್ದರೆ ಸಾಕಾಗಿತ್ತು. ಇನ್ನು ನನ್ನ ಮುಖವನ್ನು ಯಾರೂ ಹುಡುಕಬೇಡಿರಿ. ಇಲ್ಲಿ ನನ್ನ ಬೆನ್ನೇ ದರ್ಶನೀಯವು.”

ಕಲ್ಲು ಮಾತಾಡಿದ ರಭಸಕ್ಕೆ, ಕೌತುಕದಿಂದ ಅಖಾಡದೊಳಗೇ ಇಳಿದು ಬಂದಿದ್ದ ವಿಕ್ರಮಕೇಸರಿಯೂ ರಣಧವಳನೂ ಏಕಕಾಲದಲ್ಲಿ ಅಂಗಾತ ಬಿದ್ದರು. ಎದ್ದಾಗ ಇಬ್ಬರ ಪೀತಾಂಬರದ ಹಿಂಬದಿಯೂ ಕೆಂಪಗಾಗಿತ್ತು. ಮಂತ್ರಿಗಳನ್ನು ನೋಡಿದರು, ಮಂತ್ರಿಗಳು ಶಾಸನವನ್ನು ನೆನೆದು ಆಕಾಶ ನೋಡಿದರು. ಸೇನಾಪತಿಗಳು ತಮ್ಮ ಬಲಗೈಗಳನ್ನು ಬೆನ್ನಹಿಂದೆ ಕಟ್ಟಿಕೊಂಡರು. ಅಂಕಜೆಟ್ಟಿಯ ಕೈ ಅಭ್ಯಾಸಬಲದಿಂದ ಮೇಲೆದ್ದಿತಾದರೂ ಸಿಂಗಜೆಟ್ಟಿ ಅದನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದನು. ಪ್ರಭುಗಳಿಬ್ಬರೂ ಹೆಗಲ ಮೇಲಿಂದ ಪ್ರಯತ್ನಿಸಿದರು, ಪಕ್ಕೆಯ ಕೆಳಗಿಂದ ಪ್ರಯತ್ನಿಸಿದರು, ಬೇವಿನ ಮರದ ಕಡೆಗೂ ಒಮ್ಮೆ ಕಣ್ಣು ಹಾಯಿಸಿದರು. ಸಮಸ್ತ ಪ್ರಜೆಗಳೂ ಭಕ್ತಿಯಿಂದ ಕೈಮುಗಿದುಕೊಂಡು ನೋಡುತ್ತಿದ್ದರು. ಕಡೆಗೆ ರಣಧವಳನು ಕೆಮ್ಮಿ, ತನ್ನ ವೈರಿಯ ಕಡೆಗೆ ಬೆನ್ನು ತಿರುಗಿಸಿ, “ಮಹಾರಾಜರು ಸ್ವಲ್ಪ ನೋಡಬೇಕು,” ಎಂದು ಸಣ್ಣದನಿಯಲ್ಲಿ ವಿನಂತಿಸಿದನು. ಶಾಸನವು ಪ್ರಜೆಗಳಿಗೆ ಮಾತ್ರವಷ್ಟೆ. ವಿಕ್ರಮಕೇಸರಿಯು ಒರೆಸಿದನು, ಆಮೇಲೆ ತಾನೂ ತಿರುಗಿ ನಿಂತನು. ಅರಸರ ಜನ್ಮದಲ್ಲಿ ಅದು ಮೊದಲ ಕೈಕೆಲಸವಾದ್ದರಿಂದ ಬಹಳ ಹೊತ್ತು ಹಿಡಿಯಿತು. ಮಣ್ಣು ಹೋಗುವ ಮುನ್ನವೇ ಶಾಸನವು ರದ್ದಾಯಿತೆಂದೂ, ಅಂಕಜೆಟ್ಟಿಯು ಹಾಗೆ ಉಳಿಸಿಕೊಂಡ ಬಲಗೈಯೊಡನೆಯೇ ಮರುವರ್ಷ ಸಿಂಗನ ಹಿಡಿತಕ್ಕೆ ಸಿಕ್ಕಿ ಚೆನ್ನಾಗಿ ಸೋತನೆಂದೂ ಹಿರಿಯರು ಹೇಳುತ್ತಾರೆ. ಆಗ ಅವನು ಮರದ ಕಡೆಗೆ ಹೋಗಲಿಲ್ಲ. ಬಿದ್ದ ಜಾಗದಲ್ಲೇ ಕುಳಿತು ಕಾದನು.

ಯಾತ್ರಿಕರು ಇಂದಿಗೂ ಧೂಳೀಕ್ಷೇತ್ರವೆನಿಸಿದ ಆ ನಡುಗಡ್ಡೆಯಲ್ಲಿ, ಬಾಗಿಲಿಗೆ ಬೆನ್ನುಕೊಟ್ಟು ನಿಂತಿರುವ ಸ್ವಾಮಿಯನ್ನೂ, ಒಂದು ಮಗ್ಗುಲು ನುಣುಪಾಗಿರುವ ಬೇವಿನ ಮರವನ್ನೂ ದರ್ಶಿಸಬಹುದು. ಇಲ್ಲಿ ತೀರ್ಥವಿಲ್ಲ, ಗಂಧವಿಲ್ಲ. ಅರ್ಚಕರು ಬಂದವರ ಹೆಗಲುಮೂಳೆಗಳ ನಡುವೆ ಒಂದು ಹಿಡಿ ಕೆಮ್ಮಣ್ಣನ್ನು ಪ್ರಸಾದವಾಗಿ ಹಚ್ಚುತ್ತಾರೆ. ಅದನ್ನು ತೆಗೆಯುವುದು ಅರ್ಚಕರ ಕೆಲಸವಲ್ಲ, ತಾನೇ ತೆಗೆದುಕೊಳ್ಳಲೂ ಆಗದು. ಗೆದ್ದ ಜಟ್ಟಿ ಸೋತ ಜಟ್ಟಿಯೊಡನೆ ಬರುತ್ತಾನೆ. ಮಾತುಬಿಟ್ಟ ಓರಗಿತ್ತಿಯರು, ಬೇಲಿಯ ವಿಷಯಕ್ಕೆ ಕೋರ್ಟು ಹತ್ತಿದ ಅಣ್ಣತಮ್ಮಂದಿರು ಮುಖ ತಿರುಗಿಸಿಕೊಂಡೇ ಬರುತ್ತಾರೆ. ಮುಖ ತಿರುಗಿಸಿದರೆ ಬೆನ್ನು ತಾನಾಗಿ ಎದುರಿಗೆ ಬರುವುದರಿಂದ ಸ್ವಾಮಿಗೆ ಅದರಲ್ಲೇನೂ ಆಕ್ಷೇಪವಿಲ್ಲ. ಚಪ್ಪಲಿ ಬಿಡುವ ಜಾಗದಲ್ಲಿ ಒಂದು ಕಲ್ಲುಬೆಂಚೂ ಅದರ ಮೇಲೊಂದು ಫಲಕವೂ ಇವೆ: ಒಬ್ಬರೇ ಬಂದವರು ಇಲ್ಲಿ ಕುಳಿತು ಕಾಯಬೇಕಾಗಿ ವಿನಂತಿ, ಯಾರಾದರೂ ಬರುತ್ತಾರೆ.